ಕುದ್ರುವಿನ ಬಾಯಮ್ಮನಲ್ಲಿ ಊಟ

ಮಂಗಳೂರಿಗೆ ಬಂದು ಇಳಿದಾಗ ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಬಳ್ಳಾರಿ ಹತ್ತಿರದ ಒಂದು ಒಣ ಊರಿನವನು ನಾನು. ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ ತಿಂದು ಬೆಳೆದವನು. ನಮ್ಮೂರ ಪೇಟೆಯಲ್ಲಿ ಮಂಗಳೂರು ಹೆಂಚು ಮಾರುತ್ತಿದ್ದ ಏಜೆಂಟರೊಬ್ಬರು ಅಪ್ಪನಿಗೆ ಬೇಕಾದವರು. ಅವರ ಶಿಫಾರಸಿನಿಂದ ನೇತ್ರಾವತಿ ದಂಡೆಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ನನಗೆ ರೈಟರ್ ಕೆಲಸ ಸಿಕ್ಕಿತು. ಗುಮಾಸ್ತನನ್ನು ಅಲ್ಲಿ ರೈಟರ್ ಎಂದೇ ಕರೆಯುತ್ತಿದ್ದರು. ರೈಲಿನಲ್ಲಿ ಅರ್ಧ ಮದರಾಸು ಸೀಮೆಯನ್ನೇ ಸುತ್ತಿ ಬಂದು ಕೊಡಿಯಾಲ್‌ಬೈಲಿನಲ್ಲಿ ಒಂದು ಕೋಣೆ ಹಿಡಿದೆ.

ಕೆಲಸ ಕಷ್ಟವೆನಿಸಲಿಲ್ಲ. ಊಟ ಕಷ್ಟವೆನಿಸಿತು.

ಕನ್ನಡದ ಊರಿಗೇ ಹೋಗುತ್ತಿದ್ದೇನೆ, ಮಾತಿಗೇನು ತೊಂದರೆ ಎಂದುಕೊಂಡು ಬಂದಿದ್ದೆ. ಬಂದ ಮೇಲೆ ನೋಡಿದರೆ ಕಚೇರಿಯಲ್ಲಿ ಪುಸ್ತಕದ ಹಾಗಿನ ಕನ್ನಡ, ಕಾರ್ಖಾನೆಯ ಅಂಗಳದಲ್ಲಿ ತುಳು, ಮೇಸ್ತ್ರಿಗಳ ನಡುವೆ ಕೊಂಕಣಿ, ಬಂದರಿನ ಅಂಗಡಿಗಳಲ್ಲಿ ಬ್ಯಾರಿ. ನನ್ನ ಕನ್ನಡ ಇವುಗಳಲ್ಲಿ ಯಾವುದಕ್ಕೂ ಹೊಂದುತ್ತಿರಲಿಲ್ಲ. ಮೊದಲ ವಾರವೇ ಒಬ್ಬ ಕೂಲಿಯಾಳು ನನ್ನನ್ನು ನೋಡಿ ನಗುತ್ತ 'ವನಸ್ ಉಂಡು' ಎಂದಾಗ, ಪಾಪ, ಅವನದು ಉಂಡಾಯಿತು, ಅದನ್ನು ನನಗೆ ಹೇಳುತ್ತಿದ್ದಾನೆ ಎಂದು ತಿಳಿದು ತಲೆಯಾಡಿಸಿ ಮುಂದೆ ಹೋದೆ. ತುಳುವಿನಲ್ಲಿ 'ಉಂಡು' ಎಂದರೆ 'ಇದೆ' ಎಂದರ್ಥ. ಯಾರದೋ ಮನೆಯ ಸಮಾರಂಭಕ್ಕೆ ಊಟ ಇದೆ, ಬನ್ನಿ ಎಂದು ಅವನು ಕರೆದಿದ್ದನಂತೆ. ಅವತ್ತು ಅವನು ಬೇಸರ ಮಾಡಿಕೊಂಡದ್ದು ಏಕೆಂದು ತಿಂಗಳಾದ ಮೇಲೆ ತಿಳಿಯಿತು.

ಇನ್ನೊಂದು ದಿನ ಹಂಪನಕಟ್ಟೆಯ ಹತ್ತಿರದ ಹೋಟೆಲಿನಲ್ಲಿ ಬಡಿಸುವವನು ತಿಂಡಿಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತ ಹೋದಾಗ 'ಪುಂಡಿ' ಎಂಬ ಮಾತು ಕಿವಿಗೆ ಬಿತ್ತು. ನನಗೆ ಹಿಗ್ಗಾಯಿತು. ನಮ್ಮ ಕಡೆ ಪುಂಡಿ ಎಂದರೆ ಹುಳಿಸೊಪ್ಪು. ಅದರ ಪಲ್ಯವಿಲ್ಲದೆ ನಮ್ಮಲ್ಲಿ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಪುಂಡಿ ಕೊಡು, ಜೊತೆಗೆ ರೊಟ್ಟಿ ಇದ್ದರೆ ಅದನ್ನೂ ಕೊಡು ಎಂದೆ. ಅವನು ಅಕ್ಕಿ ತರಿಯ ಬಿಳಿಯ ಉಂಡೆಗಳನ್ನು ಎಲೆಯ ಮೇಲೆ ತಂದು ಇಟ್ಟ. ಆವಿಯಲ್ಲಿ ಬೆಂದ, ನಿಂಬೆಹಣ್ಣಿನಷ್ಟು ದಪ್ಪದ ಉಂಡೆಗಳು. ಇದಲ್ಲ, ಪುಂಡಿ ಎಂದೆ. ಇದೇ ಪುಂಡಿ ಎಂದ. ಸೊಪ್ಪಿನದು ಎಂದೆ. ಸೊಪ್ಪಿನ ಪುಂಡಿ ಇಲ್ಲ, ಎಂದು ಅಡುಗೆಮನೆಗೆ ಹೋಗಿ ಕೇಳಿಕೊಂಡೂ ಬಂದ. ಕಡೆಗೆ ನಾನು ಆ ಉಂಡೆಗಳನ್ನೇ ತಿಂದೆ. ಚೆನ್ನಾಗಿಯೇ ಇದ್ದವು. ಆದರೆ ಊರಿನ ನೆನಪು ಹತ್ತಿದ ಬಾಯಿಗೆ ಬೇರೆ ಯಾವ ರುಚಿ ಬಂದರೂ ಮೋಸವೆಂದೇ ಅನ್ನಿಸುತ್ತದೆ.

ಇನ್ನು ಕುಚ್ಚಲಕ್ಕಿ ಅನ್ನ. ಕೆಂಪಗೆ, ದಪ್ಪಗೆ, ಒಂದೊಂದು ಅಗುಳೂ ಬೇರೆ ಬೇರೆ. ಎಷ್ಟು ಅಗಿದರೂ ನಾನು ಅದನ್ನು ಉಣ್ಣುತ್ತಿದ್ದೇನೋ ಎಣಿಸುತ್ತಿದ್ದೇನೋ ತಿಳಿಯುತ್ತಿರಲಿಲ್ಲ.

ಎಲ್ಲಕ್ಕಿಂತ ಗೊಂದಲವಾದದ್ದು ಎಲ್ಲಿ ಕೂರಬೇಕು ಎಂಬುದು. ಆ ಕಾಲದ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗೆ, ಉಳಿದವರಿಗೆ ಹೊರಗೆ ಎಂಬ ಕ್ರಮವಿತ್ತು. ಹಂಪನಕಟ್ಟೆಯ ಆ ಹೋಟೆಲಿನ ಯಜಮಾನರು ಒಳ್ಳೆಯವರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಎಲ್ಲರನ್ನೂ ಪ್ರೀತಿಯಿಂದಲೇ ಮಾತಾಡಿಸುತ್ತಿದ್ದರು. ಮೊದಲ ದಿನ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಬ್ರಾಹ್ಮಣರಾ ಎಂದು ಕೇಳಿದರು. ಅಲ್ಲ ಎಂದೆ. ಹಾಗಾದರೆ ನಿಮಗೆ ಮೀನಿನ ಊಟ ಸಿಗುವ ಜಾಗ ಬಂದರಿನ ಕಡೆ ಉಂಟು, ನಮ್ಮಲ್ಲಿ ಬರೀ ಸಸ್ಯಾಹಾರ ಎಂದರು. ಮೀನು ತಿನ್ನುವುದಿಲ್ಲ ಎಂದೆ. ಅವರು ಕನ್ನಡಕ ತೆಗೆದು ಒರಸಿಕೊಂಡರು. ಬ್ರಾಹ್ಮಣನಲ್ಲ, ಮೀನೂ ತಿನ್ನುವುದಿಲ್ಲ ಎಂಬ ಮನುಷ್ಯ ಅವರ ಅನುಭವದಲ್ಲಿ ಬಂದಿರಲಿಲ್ಲ. ನಾನು ಲಿಂಗಾಯತ ಎಂದು ಹೇಳಿ ಕೊರಳಿನ ಕರಡಿಗೆ ತೋರಿಸಿದೆ. ಅವರು ಗೌರವದಿಂದ ನೋಡಿದರು. ಆದರೆ ಒಳಗೋ ಹೊರಗೋ ಎಂಬುದು ಅವರಿಗೂ ಹೊಳೆಯಲಿಲ್ಲ. ಕಡೆಗೆ ಎರಡು ಕೋಣೆಗಳ ನಡುವಿನ ಬಾಗಿಲ ಪಕ್ಕದಲ್ಲಿ ಒಂದು ಮಣೆ ಹಾಕಿಸಿದರು. ಬಡಿಸುವವರು ಒಳಗಿಂದ ಹೊರಕ್ಕೆ ಓಡಾಡುವಾಗೆಲ್ಲ ನನ್ನ ಎಲೆಯನ್ನು ದಾಟಿಕೊಂಡು ಹೋಗಬೇಕಿತ್ತು. ಒಳಗಿನವನು ನನ್ನನ್ನು ಹೊರಗಿನವನಿಗೆ ಬಿಡುತ್ತಿದ್ದ, ಹೊರಗಿನವನು ಒಳಗಿನವನಿಗೆ. ಎಷ್ಟೋ ಸಲ ಸಾರು ಬಂದರೆ ಅನ್ನವಿಲ್ಲ, ಅನ್ನ ಬಂದರೆ ಸಾರಿಲ್ಲ. ಆ ಊಟವೂ ನನ್ನ ಸಂಬಳಕ್ಕೆ ಭಾರವೇ ಆಗಿತ್ತು. ಹೀಗೆ ಮಳೆಗಾಲ ಕಳೆಯಿತು.

ಮಳೆ ನಿಂತ ಮೇಲೆ ಕಾರ್ಖಾನೆಯವರು ನನ್ನನ್ನು ಕುದ್ರುವಿಗೆ ಹಾಕಿದರು. ಹೊಳೆಯ ನಡುವಿನ ನಡುಗಡ್ಡೆಗೆ ಆ ಕಡೆ ಕುದ್ರು ಎನ್ನುತ್ತಾರೆ. ನೇತ್ರಾವತಿ ಸಮುದ್ರ ಸೇರುವ ಮುನ್ನ ಅಂಥ ಹಲವು ತುಂಡು ನೆಲಗಳನ್ನು ಬಳಸಿಕೊಂಡು ಹೋಗುತ್ತದೆ. ನಮ್ಮ ಕಾರ್ಖಾನೆಯ ಎದುರಿನ ಕುದ್ರುವಿನ ಒಂದು ತುದಿಯಲ್ಲಿ ಹೆಂಚು ಸುಡುವ ಭಟ್ಟಿಗೆ ಬೇಕಾದ ಸೌದೆಯನ್ನು ಒಟ್ಟುತ್ತಿದ್ದರು. ಹೊಳೆಯ ಮೇಲ್ಭಾಗದಿಂದ ದೋಣಿಗಳಲ್ಲಿ ಬರುವ ಸೌದೆಯನ್ನು ನೋಡಿ ಇಳಿಸಿಕೊಳ್ಳುವುದು ನನ್ನ ಕೆಲಸ. ಬೆಳಗ್ಗೆ ಕಾರ್ಖಾನೆಯ ದೋಣಿಯಲ್ಲಿ ಅಲ್ಲಿಗೆ ಹೋದರೆ ಸಂಜೆ ಅದೇ ದೋಣಿಯಲ್ಲಿ ವಾಪಸು. ಮಧ್ಯಾಹ್ನಕ್ಕೆ ಈಚೆ ದಂಡೆಗೆ ಬರುವ ಹಾಗಿಲ್ಲ.

ಹಿರಿಯ ರೈಟರನ್ನು, ಅಲ್ಲಿ ಊಟಕ್ಕೆ ಏನಾದರೂ ಸಿಗುತ್ತದೆಯೇ ಎಂದು ಕೇಳಿದ್ದೆ. ಅವರು ತಲೆ ಎತ್ತದೆ, ಅಲ್ಲಿ ಎಲ್ಲ ಉಂಟು ಎಂದಿದ್ದರು. ಅವರು ಹೇಳಿದ್ದು ತಕ್ಕಡಿ, ಹಗ್ಗ, ಕೊಡೆ, ಕುರ್ಚಿಗಳ ವಿಷಯ ಎಂಬುದು ಅಲ್ಲಿ ಹೋಗಿ ನಿಂತಾಗ ಗೊತ್ತಾಯಿತು. ಸುತ್ತ ನೀರು, ತೆಂಗಿನ ಮರ, ಬಿಸಿಲಿಗೆ ಹೊಳೆಯುವ ಮರಳು. ಅಲ್ಲೊಂದು ಇಲ್ಲೊಂದು ಮನೆ. ನೋಡಲು ಬಹಳ ಚೆಂದ. ಆದರೆ ಹೊಟ್ಟೆಗೆ ಹಾಕಿಕೊಳ್ಳಲು ಏನೂ ಇಲ್ಲ. ಮೊದಲ ಕೆಲವು ದಿನ ಅವಲಕ್ಕಿ ಕಟ್ಟಿಕೊಂಡು ಹೋದೆ. ಉಪ್ಪುಗಾಳಿಗೆ ಅದು ಮೆತ್ತಗಾಗಿ ಹಲ್ಲಿಗೆ ಅಂಟುತ್ತಿತ್ತು.

ನಮ್ಮ ದೋಣಿ ನಡೆಸುತ್ತಿದ್ದವನು ಬೆಂಗ್ರೆಯ ಮೊಗವೀರ. ವಯಸ್ಸಾದವನು, ಕಡಲಿಗೆ ಹೋಗುವುದನ್ನು ಬಿಟ್ಟು ಹೊಳೆಯ ಕೆಲಸ ಹಿಡಿದಿದ್ದ. ಅವನಿಗೆ ನನ್ನ ಕನ್ನಡ ಅರ್ಧ ಗೊತ್ತಾಗುತ್ತಿತ್ತು, ನನಗೆ ಅವನ ತುಳು ಕಾಲು ಭಾಗ. ನಾನು ಮರದ ಕೆಳಗೆ ಅವಲಕ್ಕಿ ಬಿಚ್ಚುವುದನ್ನು ನೋಡಿದ ಅವನು ಒಂದು ದಿನ ಕುದ್ರುವಿನ ಆಚೆ ತುದಿಯ ಕಡೆ ಕೈ ತೋರಿಸಿ ಹೇಳಿದ: "ಬಾಯಮ್ಮನ ಇಲ್ಲಡ್ ಇನಿ ವನಸ್ ಉಂಡು. ಪೋಲೆ."

ಕ್ರಿಶ್ಚಿಯನ್ ಹೆಂಗಸರನ್ನು ಅಲ್ಲಿ ಬಾಯಮ್ಮ ಎಂದು ಕರೆಯುತ್ತಾರೆ, ಅದು ಗೊತ್ತಿತ್ತು. 'ವನಸ್' ಎಂದರೆ ಊಟ, 'ಉಂಡು' ಎಂದರೆ ಇದೆ, 'ಪೋಲೆ' ಎಂದರೆ ಹೋಗಿ, ಅವೂ ಅಷ್ಟರಲ್ಲಿ ಗೊತ್ತಾಗಿದ್ದವು. ನಡುವಿನ ಎರಡು ಮಾತು ಮಾತ್ರ ತಿಳಿಯಲಿಲ್ಲ. ಊಟವಿದೆ ಎಂಬುದು ತಿಳಿದ ಮೇಲೆ ಉಳಿದದ್ದು ಏಕೆ ಬೇಕು ಎಂದು ಎದ್ದು ಹೊರಟೆ.

ಹೋಗಿ ನೋಡಿದರೆ ನನಗೆ ಬೇಕಾದ್ದೇ ಕಂಡಿತು. ಹೆಂಚಿನ ಸಣ್ಣ ಮನೆ, ಅದರ ಮುಂದೆ ತೆಂಗಿನ ಗರಿಯ ಚಪ್ಪರ, ಚಪ್ಪರದ ಕೆಳಗೆ ಚಾಪೆ ಹಾಸಿ ಒಂದಷ್ಟು ಜನ ಎಲೆಯ ಮುಂದೆ ಕೂತಿದ್ದಾರೆ. ಹೆಚ್ಚಿನವರು ಮುದುಕರು, ಬಡವರು. ಒಬ್ಬನಿಗೆ ಕಣ್ಣು ಕಾಣುತ್ತಿರಲಿಲ್ಲ. ಅಗ್ಗದ ಹೋಟೆಲಿಗೆ ಇಂಥವರಲ್ಲದೆ ಇನ್ನಾರು ಬರುತ್ತಾರೆ ಎಂದುಕೊಂಡೆ. ಒಳಗೆ ಹೊರಗೆ ಎಂಬ ಭೇದವೂ ಕಾಣಲಿಲ್ಲ. ಹಂಡೆಯ ನೀರಿನಲ್ಲಿ ಕೈಕಾಲು ತೊಳೆದುಕೊಂಡು ಖಾಲಿ ಇದ್ದ ಒಂದು ಜಾಗದಲ್ಲಿ ಕೂತು, ಬಡಿಸುತ್ತಿದ್ದ ಹೆಂಗಸನ್ನು ನೋಡಿ ನಮ್ಮೂರಿನ ರೀತಿಯಲ್ಲಿ ಕೇಳಿದೆ: "ಏನೇನೈತ್ರಿ ಊಟಕ್ಕ?"

ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಆಕೆ ನಲವತ್ತು ದಾಟಿದವರು, ಕಪ್ಪು ಸೀರೆ ಉಟ್ಟಿದ್ದರು, ಅತ್ತಂತಿದ್ದ ಕಣ್ಣು. ಹೊಗೆಯಿಂದ ಇರಬೇಕು ಎಂದುಕೊಂಡೆ. ನನ್ನ ಇಸ್ತ್ರಿಯ ಕೋಟು, ಕೈಯಲ್ಲಿದ್ದ ಟೋಪಿ, ಎರಡನ್ನೂ ನೋಡಿದರು. ಒಳಗೆ ಹೋಗಿ ಇನ್ನೊಂದು ಎಲೆ ತಂದು ಹಾಕಿದರು.

ಮೀನು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಆಕೆಗೆ ಆಶ್ಚರ್ಯವಾಯಿತು. ಕನ್ನಡದಲ್ಲಿ ತಡೆದು ತಡೆದು, ಮೀನು ಬೇಡವಾ ಎಂದು ಕೇಳಿದರು. ಬೇಡ ಎಂದ ಮೇಲೆ ಕುಂಬಳಕಾಯಿ ಪಲ್ಯ, ತೆಂಗಿನಕಾಯಿ ಹಾಕಿದ ಹೆಸರುಕಾಳಿನ ಗಸಿ ಮತ್ತೆ ಮತ್ತೆ ಬಡಿಸಿದರು. ಮಂಗಳೂರಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡದ್ದು ಅದೇ ಮೊದಲು. ಮೀನು ಬೇಯುವ ಮನೆಯಲ್ಲಿ ಉಣ್ಣುತ್ತಿದ್ದೇನೆ ಎಂಬ ಅಳುಕು ಇತ್ತು. ಊರಿನಲ್ಲಿ ಆಗಿದ್ದರೆ ಆ ಬೀದಿಯಲ್ಲಿ ನಿಲ್ಲುತ್ತಲೂ ಇರಲಿಲ್ಲ. ಆದರೆ ಸುತ್ತ ನೀರಿರುವ ಜಾಗದಲ್ಲಿ ಹಸಿದವನಿಗೆ ಬೇರೆ ಬೀದಿ ಎಲ್ಲಿ?

ಎದ್ದು ಕೈ ತೊಳೆದು ಎರಡಾಣೆ ತೆಗೆದು ಜಗಲಿಯ ಮೇಲಿಟ್ಟೆ. ಆಕೆ ಗಾಬರಿಯಿಂದ ಓಡಿಬಂದು "ನಾಕಾ, ನಾಕಾ" ಎಂದರು.

ಕೊಂಕಣಿಯಲ್ಲಿ 'ನಾಕಾ' ಎಂದರೆ 'ಬೇಡ'. ನಮ್ಮ ಕಡೆ ನಾಲ್ಕಕ್ಕೆ ನಾಕು ಎನ್ನುತ್ತೇವೆ. ನಾಲ್ಕಾಣೆ ಕೇಳುತ್ತಿದ್ದಾರೆ ಎಂದು ತಿಳಿದು ನನ್ನ ಮುಖ ಸಪ್ಪಗಾಯಿತು. ಒಂದು ಊಟಕ್ಕೆ ಅದು ಬಹಳ ಹೆಚ್ಚು. ಆದರೂ ಉಂಡಾಗಿದೆ, ಜಗಳವಾಡುವುದು ಸರಿಯಲ್ಲವೆಂದು ಇನ್ನೆರಡಾಣೆ ಇಟ್ಟೆ. ಆಕೆ ಇನ್ನೂ ಜೋರಾಗಿ ನಾಕಾ ಎಂದರು. ಕೊಟ್ಟಿದ್ದೇನಲ್ಲ ಎಂದೆ. ಆಕೆ ಹಣೆಗೆ ಕೈ ಹಚ್ಚಿಕೊಂಡು ಒಳಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಬಾಳೆಲೆಯ ಪೊಟ್ಟಣವಿತ್ತು. ಅದನ್ನು ನನ್ನ ಕೈಗಿಟ್ಟು ಹೋಗಿ ಎಂದು ಸನ್ನೆ ಮಾಡಿದರು. ಸಂಜೆ ಕೋಣೆಯಲ್ಲಿ ಬಿಚ್ಚಿ ನೋಡಿದರೆ ಇಡ್ಲಿಯಂಥ, ಇಡ್ಲಿಗಿಂತ ಮೆದುವಾದ, ಸ್ವಲ್ಪ ಸಿಹಿ ವಾಸನೆಯ ಕಡುಬುಗಳು. ದರ ಜಾಸ್ತಿಯಾದರೂ ರಾತ್ರಿಯದೂ ಸೇರಿ ಕೊಡುವ ಹೋಟೆಲು ಇದು, ಲೆಕ್ಕಕ್ಕೆ ಸರಿಯಾಯಿತು ಎಂದು ಸಮಾಧಾನಪಟ್ಟುಕೊಂಡು ಮಲಗಿದೆ.

ಮರುದಿನ ಮಧ್ಯಾಹ್ನ ಮತ್ತೆ ಹೋದೆ. ಚಪ್ಪರ ಬಿಚ್ಚಿದ್ದರು. ಜನ ಯಾರೂ ಇರಲಿಲ್ಲ. ಆಕೆ ಅಂಗಳದಲ್ಲಿ ಕೂತು ತೆಂಗಿನ ಗರಿಯಿಂದ ಕಡ್ಡಿ ಸುಲಿಯುತ್ತಿದ್ದರು. ಬೇಗ ಬಂದೆನೇನೋ ಎಂದು ಜಗಲಿಯ ಮೇಲೆ ಕೂತೆ. ಆಕೆ ನನ್ನನ್ನೇ ನೋಡುತ್ತ ಕೂತರು. ನಾನು ಹೊಳೆ ನೋಡುತ್ತ ಕೂತೆ. ಕಡೆಗೆ ಆಕೆ ಕಡ್ಡಿ ಕೆಳಗಿಟ್ಟು ಎದ್ದು ಒಳಗೆ ಹೋದರು. ಒಲೆ ಊದುವ ಸದ್ದು ಕೇಳಿಸಿತು, ಹೆಂಚಿನ ಸಂದಿನಿಂದ ಹೊಗೆ ಬಂತು. ಬಹಳ ಹೊತ್ತಿನ ಮೇಲೆ ಕುಚ್ಚಲಕ್ಕಿ ಗಂಜಿ, ಸುಟ್ಟ ಮೆಣಸಿನ ಚಟ್ನಿ, ಅಲಸಂಡೆ ಪಲ್ಯ ತಂದಿಟ್ಟರು. ಆ ಅಕ್ಕಿಯನ್ನು ಅಗಿಯಬಾರದು, ತಿಳಿಯೊಂದಿಗೆ ಹಾಗೆಯೇ ಕುಡಿಯುತ್ತ ಉಣ್ಣಬೇಕು ಎಂಬುದು ನನಗೆ ಅವತ್ತು ಗೊತ್ತಾಯಿತು. ಎರಡಾಣೆ ಇಟ್ಟೆ. ಆಕೆ ಅವತ್ತು ನಾಕಾ ಎನ್ನಲಿಲ್ಲ. ಸುಮ್ಮನೆ ಅದನ್ನು ನೋಡಿದರು. ದರ ಇಳಿಸಿದ್ದಾರೆ ಎಂದು ತಿಳಿದು ನನಗೆ ಬಹಳ ಸಂತೋಷವಾಯಿತು.

ಆಮೇಲೆ ನಾನು ದಿನವೂ ಹೋಗತೊಡಗಿದೆ. ನಾನು ಬರುವ ಹೊತ್ತಿಗೆ ಗಂಜಿ ಆಗಿರುತ್ತಿತ್ತು. ನನಗೆಂದೇ ಒಂದು ಹೊಸ ಮಣ್ಣಿನ ಮಡಕೆ ಇಟ್ಟಿದ್ದರು, ಅದರಲ್ಲಿ ಮೀನು ಬೇಯಿಸುತ್ತಿರಲಿಲ್ಲ. ಅದನ್ನು ನನಗೆ ತೋರಿಸಿ, ಇದು ನಿಮ್ಮದು ಮಾತ್ರ ಎಂದು ಹೇಳಿದ್ದರು. ಗಿರಾಕಿಗಳ ಮೇಲೆ ಇಷ್ಟು ಕಾಳಜಿ ಇರುವ ಹೋಟೆಲು ನಮ್ಮ ಬಳ್ಳಾರಿಯಲ್ಲಿ ಎಲ್ಲಿದೆ ಎಂದು ಅಪ್ಪನಿಗೆ ಬರೆಯೋಣವೆನಿಸಿತು. ಯಾರ ಹೋಟೆಲು ಎಂದು ಅವರು ಕೇಳಿದರೆ ಕಷ್ಟ ಎಂದು ಬಿಟ್ಟೆ. ಈಗ ನೆನೆದರೆ ನಾಚಿಕೆಯಾಗುವುದು, ನಾನು ಅಲ್ಲಿ ನಡೆದುಕೊಂಡ ರೀತಿ. ಇವತ್ತು ಉಪ್ಪು ಕಮ್ಮಿ ಎನ್ನುತ್ತಿದ್ದೆ. ನಾಳೆ ಬದನೆಕಾಯಿ ಮಾಡಿ ಎನ್ನುತ್ತಿದ್ದೆ. ಒಮ್ಮೆ ಊಟ ತಡವಾದಾಗ ಗಡಿಯಾರ ತೆಗೆದು ನೋಡಿದ್ದೂ ಉಂಟು. ಹೋಟೆಲಿನಲ್ಲಿ ಗಿರಾಕಿ ಮಾಡುವುದನ್ನೆಲ್ಲ ಮಾಡಿದೆ.

ರೈಟರು ಅಲ್ಲಿ ಉಣ್ಣುವುದನ್ನು ಸೌದೆ ದೋಣಿಯವರು ಕಂಡರು. ಒಬ್ಬ ಬಂದ, ಅವನ ಹಿಂದೆ ಇನ್ನೊಬ್ಬ. ಅವರೂ ನನ್ನ ಹಾಗೆಯೇ ಜಗಲಿಯ ಮೇಲೆ ಕೂತು, ಉಂಡು, ದುಡ್ಡು ಇಟ್ಟು ಹೋದರು. ಬಾಯಮ್ಮ ದೊಡ್ಡ ಮಡಕೆ ಇಟ್ಟರು. ಅವರಿಗೆ ಮೀನು, ನನಗೆ ಪಲ್ಯ. ಮೊದಮೊದಲು ಆಕೆಯ ಮುಖದಲ್ಲಿ ನನಗೆ ಅರ್ಥವಾಗದ ಒಂದು ಭಾವವಿರುತ್ತಿತ್ತು, ಯಾರದೋ ಮನೆಯಲ್ಲಿ ತಾನು ಓಡಾಡುತ್ತಿರುವ ಹಾಗೆ. ದಿನ ಹೋದಂತೆ ಅದು ಕಮ್ಮಿಯಾಯಿತು. ಬೆಳಗ್ಗೆ ದೋಣಿಯವನ ಕೈಯಲ್ಲಿ ಪೇಟೆಯಿಂದ ಬೇಳೆ, ಬೆಲ್ಲ ತರಿಸತೊಡಗಿದರು. ನನ್ನ ಕನ್ನಡವೂ ಆಕೆಗೆ ಅಷ್ಟಿಷ್ಟು ಹಿಡಿಯಿತು, ಆಕೆಯ ಮಾತು ನನಗೆ.

ಹೀಗೇ ನಡೆಯುತ್ತಿದ್ದಾಗ, ಬೇಸಗೆ ಏರುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ ಈಚೆ ದಂಡೆಯಿಂದ ಒಬ್ಬರು ಬಂದರು. ಐವತ್ತರ ಮೇಲಿನ ವಯಸ್ಸು, ಕೋಟು, ಕಂಕುಳಲ್ಲಿ ಕೊಡೆ. ಬೋಳಾರದ ಕಡೆ ದೋಣಿ ಕಟ್ಟುವಲ್ಲಿ ಬಡಗಿಗಳ ಮುಖ್ಯಸ್ಥರು ಎಂದು ಆಮೇಲೆ ತಿಳಿಯಿತು. ನಾನು ಆಗಷ್ಟೆ ಗಂಜಿಯ ಬಟ್ಟಲು ಎತ್ತಿದ್ದೆ. ಉಳಿದವರು ಇನ್ನೂ ಬಂದಿರಲಿಲ್ಲ. ಅವರು ಅಂಗಳದಲ್ಲಿಯೇ ನಿಂತು ನನ್ನನ್ನು ನೋಡಿದರು. ಕನ್ನಡದಲ್ಲಿ, ಕಚೇರಿಯಲ್ಲಿ ಮಾತಾಡುವ ಹಾಗೆ ಒಂದೊಂದೇ ಮಾತನ್ನು ಬಿಡಿಸಿ ಕೇಳಿದರು.

"ನೀವು ದಿನಾ ಇಲ್ಲಿಗೆ ಬರ್ತೀರಂತೆ. ಎಂತಕ್ಕೆ?"

"ಊಟಕ್ಕೆ" ಎಂದೆ.

"ಊಟಕ್ಕೆ ಬರ್ಲಿಕ್ಕೆ ಇದೆಂತ ಹೋಟೆಲಾ?"

ನಾನು ಬಟ್ಟಲು ಕೆಳಗಿಟ್ಟೆ. "ಅಲ್ಲೇನ್ರಿ?" ಎಂದೆ.

ನನ್ನ ಮುಖದಲ್ಲಿ ಅವರಿಗೆ ಏನು ಕಂಡಿತೋ, ಎತ್ತಿದ್ದ ದನಿ ತಗ್ಗಿತು. ಇದು ಅವರ ತಮ್ಮನ ಮನೆಯಂತೆ. ತಮ್ಮ ಜ್ವರ ಬಂದು ತೀರಿಕೊಂಡು ವರ್ಷದ ಮೇಲಾಯಿತಂತೆ. ಒಬ್ಬಳೇ ಮಗಳನ್ನು ಮದುವೆ ಮಾಡಿ ಕೊಟ್ಟಾಗಿದೆ. ಒಂಟಿ ಹೆಂಗಸಿನ ಮನೆಗೆ ಯಾವನೋ ಘಟ್ಟದ ಮೇಲಿನ ರೈಟರ್ ದಿನಾ ಬರುತ್ತಾನೆಂದು ಇಗರ್ಜಿಯಲ್ಲಿ ಜನ ಮಾತಾಡುತ್ತಿದ್ದಾರಂತೆ. ಇಷ್ಟನ್ನೂ ಅವರು ನನ್ನನ್ನು ನೋಡದೆ ಹೊಳೆಯ ಕಡೆ ನೋಡುತ್ತ ಹೇಳಿದರು. ಪಾದ್ರಿಗಳು ಕೇಳಿದರೆ ನಾನು ಎಂತ ಹೇಳುವುದು ಎಂದೂ ಕೇಳಿದರು.

ಮೊದಲ ದಿನದ ಚಪ್ಪರ, ಮುದುಕರು, ಕಪ್ಪು ಸೀರೆ, ಅತ್ತ ಕಣ್ಣು, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಆದರೂ ಅವು ಒಂದಕ್ಕೊಂದು ಸರಿಯಾಗಿ ಸೇರಲಿಲ್ಲ. ಚಪ್ಪರ ಇತ್ತಲ್ಲ, ಜನ ಉಣ್ಣುತ್ತಿದ್ದರಲ್ಲ, ನಾಲ್ಕಾಣೆ ಕೇಳಿದರಲ್ಲ ಎಂದು ತೊದಲಿದೆ. ಯಾರು ನಾಲ್ಕಾಣೆ ಕೇಳಿದ್ದು ಎಂದು ಅವರೂ ಗೊಂದಲಗೊಂಡರು.

ಆಗ ಬಾಯಮ್ಮ ಒಳಗಿಂದ ಬಂದು ಬಾಗಿಲಲ್ಲಿ ನಿಂತರು. ಭಾವನೊಂದಿಗೆ ಅವರು ಕೊಂಕಣಿಯಲ್ಲಿಯೇ ಮಾತಾಡಬಹುದಿತ್ತು. ಆದರೆ ನನಗೂ ತಿಳಿಯಲಿ ಎಂದೋ ಏನೋ ಕನ್ನಡದಲ್ಲಿಯೇ ಹೇಳಿದರು.

"ಹೌದು, ಹೋಟೆಲೇ. ಈಗ ದೋಣಿಯವರು ಸಹ ಬರ್ತಾರೆ. ಕೂತುಕೊಂಡರೆ ನಿಮಗೂ ಊಟ ಉಂಟು."

ಅವರು ಕೂರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ದೋಣಿಯವರು ಮಾತಾಡುತ್ತ ಬಂದು, ಕೈ ತೊಳೆದು, ಸಾಲಾಗಿ ಜಗಲಿಯ ಮೇಲೆ ಕೂತರು. ಭಾವ ಅದನ್ನೆಲ್ಲ ನೋಡಿದರು. ಬಾಯಮ್ಮ ಬಡಿಸುವುದನ್ನು, ಉಂಡವರು ಎದ್ದು ಹೋಗುವಾಗ ದುಡ್ಡು ಇಡುವುದನ್ನು ನೋಡಿದರು. ಆಮೇಲೆ ಕೊಡೆ ಬಿಡಿಸಿಕೊಂಡು ಹೊರಟುಹೋದರು.

ಸಂಜೆ ದೋಣಿಯಲ್ಲಿ ಮೊಗವೀರ ಮುದುಕನನ್ನು ಕೇಳಿದೆ. ಅವತ್ತು ನೀನು ನನಗೆ ಹೇಳಿದ್ದೇನು? ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿ ನೆನಪು ಮಾಡಿಕೊಂಡ. 'ಇಲ್ಲಡ್' ಎಂದರೆ ಮನೆಯಲ್ಲಿ. 'ಇನಿ' ಎಂದರೆ ಇವತ್ತು. ಬಾಯಮ್ಮನ ಮನೆಯಲ್ಲಿ ಇವತ್ತು ಊಟ ಉಂಟು ಎಂದು ಅವನು ಹೇಳಿದ್ದ. ಅದು ಆಕೆಯ ಗಂಡ ತೀರಿಕೊಂಡ ವರ್ಷದ ದಿನ. ಸತ್ತವರ ಹೆಸರಿನಲ್ಲಿ ಬಡವರನ್ನು ಕರೆದು ಉಣ್ಣಿಸುವುದು ಅವರಲ್ಲಿ ಕ್ರಮ. ಹಸಿದು ಕೂತಿದ್ದೀರಿ, ಯಾರು ಹೋದರೂ ಹಾಕುತ್ತಾರೆ, ಅದಕ್ಕೆ ಹೇಳಿದೆ ಎಂದ. ಮರುದಿನವೂ ನೀವು ಆ ಕಡೆ ಹೋದಾಗ ನನಗೆ ಸ್ವಲ್ಪ ವಿಚಿತ್ರ ಕಂಡಿತು, ಆದರೆ ರೈಟರನ್ನು ಹೇಗೆ ಕೇಳುವುದು ಮಾರಾಯ್ರೆ ಎಂದೂ ಹೇಳಿದ.

ಸತ್ತವನ ಹೆಸರಿನಲ್ಲಿ ಬಡವರಿಗೆ ಬಡಿಸಿದ ಊಟಕ್ಕೆ ನಾನು ನಾಲ್ಕಾಣೆ ಕೊಟ್ಟು, ದರ ಹೆಚ್ಚಾಯಿತೆಂದು ಮುಖ ಸಪ್ಪಗೆ ಮಾಡಿಕೊಂಡಿದ್ದೆ.

ಮರುದಿನ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಮತ್ತೆ ಅವಲಕ್ಕಿ. ಹೋಗಿ ತಪ್ಪಾಯಿತೆಂದು ಕೇಳಿಕೊಳ್ಳಬೇಕೇ, ಅಥವಾ ಇನ್ನು ಆ ಕಡೆ ತಲೆಯನ್ನೇ ಹಾಕದಿರುವುದು ಮರ್ಯಾದೆಯೇ ಎಂದು ನನಗೆ ನಿಶ್ಚಯವಾಗಲಿಲ್ಲ. ಹೋದರೆ ಆಕೆಯ ಹೆಸರು ಕೆಡುತ್ತದೆ. ಹೋಗದಿದ್ದರೆ ಆ ಮಾತೇ ನಿಜವೆಂದು ಜನಕ್ಕೆ ಅನ್ನಿಸಬಹುದು. ಹಂಪನಕಟ್ಟೆಯ ಹೋಟೆಲಿನ ಯಜಮಾನರ ಬಳಿ ಬೇರೆ ಯಾರದೋ ಕಥೆಯ ಹಾಗೆ ಮಾಡಿ ಇದನ್ನು ಹೇಳಿದೆ. ಅವರು ಕೂಡಲೇ, ಅದು ನೀವೇ ಅಲ್ವಾ ಎಂದರು. ಆಮೇಲೆ ಬಾಗಿಲ ಪಕ್ಕದ ನನ್ನ ಮಣೆಯನ್ನು ಒಂದು ಗಳಿಗೆ ನೋಡಿ, ನಿಮ್ಮದು ಒಟ್ಟು ಎಂತ ಕ್ರಮ ಎಂದು ನನಗೆ ಇವತ್ತಿಗೂ ಗೊತ್ತಾಗಲಿಲ್ಲ ಎಂದರು. ನನಗೂ ಗೊತ್ತಿರಲಿಲ್ಲ.

ಮೂರನೆಯ ದಿನ ದೋಣಿಯ ಮುದುಕ ಬಂದು ಬಾಯಮ್ಮ ಹೇಳಿ ಕಳಿಸಿದ್ದನ್ನು ತಲುಪಿಸಿದ. ನನ್ನ ಮಡಕೆಯಲ್ಲಿ ಮಾಡಿದ್ದನ್ನು ಎರಡು ದಿನ ಚೆಲ್ಲಬೇಕಾಯಿತಂತೆ. ಬೇರೆಯವರು ಮೀನಿಲ್ಲದೆ ಉಣ್ಣುವುದಿಲ್ಲವಂತೆ. ಬರುವುದಾದರೆ ಬರಲಿ, ಇಲ್ಲದಿದ್ದರೆ ಇಲ್ಲ ಎಂದು ಹೇಳಲಿ, ಅಕ್ಕಿ ಹಾಕದೆ ಇರಬಹುದು ಎಂದು ಆಕೆ ಹೇಳಿದರಂತೆ.

ಹೋದೆ. ಜಗಲಿಯ ಮೇಲೆ ಹೊಸ ಬೆಂಚು ಇತ್ತು, ಹಲಸಿನ ಹಲಗೆಯದು. ದೋಣಿಗೆ ಹಾಕುವ ರೀತಿಯ ಜೋಡಣೆ. ಭಾವ ಹಿಂದಿನ ದಿನ ಆಳಿನ ತಲೆಯ ಮೇಲೆ ಹೊರಿಸಿ ಕಳಿಸಿದ್ದರಂತೆ, ಜೊತೆಗೆ ಒಂದು ಮಾತೂ ಇಲ್ಲವಂತೆ. ಒಪ್ಪಿ ಕಳಿಸಿದರೋ, ಜನರ ಬಾಯಿ ಮುಚ್ಚಿಸಲು ಕಳಿಸಿದರೋ ಆಕೆಗೂ ತಿಳಿದಿರಲಿಲ್ಲ. ನಾನು ಬೆಂಚಿನ ಮೇಲೆ ಕೂರಲು ಹಿಂಜರಿದು ನಿಂತೇ ಕೇಳಿದೆ: ಮೊದಲ ದಿನವೇ ಏಕೆ ಹೇಳಲಿಲ್ಲ?

ಆಕೆ ಗಂಜಿ ಬಡಿಸುತ್ತ ಹೇಳಿದರು.

"ಮೊದಲನೇ ದಿನ ನೀವು ಬೇಡಲಿಕ್ಕೆ ಬಂದದ್ದು ಅಂತ ಕಂಡಿತು ನನಗೆ. ಕೋಟು ಹಾಕಿದ ಬಡವ, ಪಾಪ ಅಂತ. ಎರಡನೇ ದಿನ, ತಲೆ ಸರಿ ಇಲ್ವಾ ಎಂತ ಅಂತ ಹೆದರಿಕೆ ಆಯ್ತು. ಆಮೇಲೆ..." ಆಕೆ ನಿಲ್ಲಿಸಿ ಮಡಕೆಯ ಕಡೆ ನೋಡಿದರು. "ಅವರು ಹೋದ ಮೇಲೆ ಈ ಮನೆಯಲ್ಲಿ ಉಪ್ಪು ಕಮ್ಮಿ ಅಂತ ಹೇಳುವವರು ಇರಲಿಲ್ಲ."

ಕೂತು ಗಂಜಿ ಉಂಡೆ. ಅವತ್ತು ನಿಜವಾಗಿಯೂ ಉಪ್ಪು ಕಮ್ಮಿ ಇತ್ತು. ಹೇಳಬೇಕೋ ಬಾರದೋ ಎಂದು ಬಹಳ ಹೊತ್ತು ಯೋಚಿಸಿ, ಹೇಳದೆ ಎದ್ದೆ.

ಮಳೆ ಬಂತು. ಹೊಳೆ ಕೆಂಪಾಗಿ ಏರಿ ಕುದ್ರುವಿನ ಕೆಳಗಿನ ಅರ್ಧವನ್ನು ಮುಳುಗಿಸಿತು. ಸೌದೆ ಡಿಪೋ ಮುಚ್ಚಿ ನನ್ನನ್ನು ಕಚೇರಿಗೆ ಕರೆಸಿಕೊಂಡರು. ದೋಣಿಯ ಮುದುಕನಿಂದ ಸುದ್ದಿ ತಿಳಿಯುತ್ತಿತ್ತು. ಬಾಯಮ್ಮ ಮಳೆಗಾಲಕ್ಕೆ ಮಗಳ ಮನೆಗೆ ಹೋಗಿದ್ದಾರೆ ಎಂದ. ಮತ್ತೊಂದು ಸಲ, ಭಾವ ನಮ್ಮ ಕಾರ್ಖಾನೆಯ ಗೇಟಿನ ಎದುರು ಒಂದು ಜಾಗ ನೋಡುತ್ತಿದ್ದಾರೆ ಎಂದ. ನಾನು ನಂಬಲಿಲ್ಲ. ಆದರೆ ನವರಾತ್ರಿ ಕಳೆಯುವಷ್ಟರಲ್ಲಿ ಗೇಟಿನ ಎದುರು ಹೆಂಚು ಹೊದಿಸಿದ ಉದ್ದನೆಯ ಕೊಟ್ಟಿಗೆಯೊಂದು ಎದ್ದಿತು. ಒಳಗೆ ಎರಡು ಸಾಲು ಬೆಂಚು. ಒಲೆಯ ಮುಂದೆ ಬಾಯಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಕಾರ್ಖಾನೆಯ ಮಧ್ಯಾಹ್ನದ ಗಂಟೆ ಹೊಡೆದರೆ ಸಾಕು, ಮಣ್ಣು ಕಲಸುವವರು, ಹೆಂಚು ಹೊರುವ ಹೆಂಗಸರು, ಮೇಸ್ತ್ರಿಗಳು ಎಲ್ಲರೂ ಅಲ್ಲಿಗೆ ನುಗ್ಗುತ್ತಿದ್ದರು.

ತೆರೆದ ಮೊದಲ ವಾರ ಕಚೇರಿಯ ಇಬ್ಬರನ್ನು ಕರೆದುಕೊಂಡು ಹೋದೆ. ಇದು ಶುರುವಾದದ್ದೇ ನನ್ನಿಂದ ಎಂದು ದಾರಿಯಲ್ಲಿ ಹೇಳಿಕೊಂಡು ಬಂದಿದ್ದೆ. ಬಾಗಿಲಲ್ಲಿ ನಿಂತಾಗ ಹೊಗೆ, ಮೀನಿನ ಸಾರಿನ ವಾಸನೆ, ಗದ್ದಲ. ಬಾಯಮ್ಮ ಸೌಟು ಹಿಡಿದುಕೊಂಡೇ ತಿರುಗಿ ನೋಡಿದರು. ಮುಖ ಅರಳಿತು ಎಂದು ನನಗೆ ಅನ್ನಿಸಿತು. ಒಲೆಯ ಬೆಳಕು ಇದ್ದರೂ ಇರಬಹುದು. "ಒಳಗೆ ಜಾಗ ಇಲ್ಲ ರೈಟರ್ರೇ, ಸ್ವಲ್ಪ ಹೊರಗೆ ನಿಲ್ಲಿ" ಎಂದು ಹೇಳಿ ಆ ಕಡೆ ತಿರುಗಿದರು.

ನನ್ನ ಜೊತೆ ಬಂದವರು ನನ್ನ ಮುಖ ನೋಡಿದರು. ನನಗೆ ಸಂತೋಷವಾಯಿತೋ ಬೇಸರವಾಯಿತೋ ಈಗಲೂ ಹೇಳಲಾರೆ. ಮಣ್ಣು ಮೆತ್ತಿದ ಕಾಲಿನ ಕೂಲಿಯವರ ಜೊತೆ ಮಾಡಿನ ಕೆಳಗೆ ಸಾಲಿನಲ್ಲಿ ನಿಂತೆ. ಹಿಂದಿನವನು ತುಳುವಿನಲ್ಲಿ ಏನೋ ಕೇಳಿದ. ನನಗೆ ತಿಳಿಯಲಿಲ್ಲ, ಹೌದು ಎಂದೆ. ಅವನು ನಕ್ಕು ನನ್ನನ್ನು ದಾಟಿಕೊಂಡು ಮುಂದೆ ಹೋಗಿ ನಿಂತ.